ಸೇನೆಯ ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸ: ನಾಲ್ಕು ವರ್ಷಕ್ಕೆ ಹೋಗುವುದೋ, ಕಾರವಾರದಲ್ಲೇ ಅಪ್ರೆಂಟಿಸ್ ಆಗುವುದೋ?

ಪ್ರಶ್ನೆ: ಮಲೆನಾಡ ಮಾಣಿ, ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ನಂತರ ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿಯನ್ನು ಎರಡು ವರ್ಷ ಕಲಿತು, ಕಳೆದ ಒಂದೂವರೆ ವರ್ಷದಿಂದ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ಇನ್ವರ್ಟರ್, ಯು.ಪಿ.ಎಸ್. ಮತ್ತು ಟಿ.ವಿ. ರಿಪೇರಿ ಮಾಡಿಕೊಂಡಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಹೊಡೆದ ವೈಫೈ ಅಡಾಪ್ಟರುಗಳು ಚೀಲಗಟ್ಟಲೆ ಬರುತ್ತವೆ. ಮಳೆಗಾಲ ಹಿಡಿದ ಮೇಲೆ ತೇವಕ್ಕೆ ಬಿಡಿಭಾಗಗಳ ಕಾಲುಗಳು ಹಸಿರುಗಟ್ಟಿದ ಬೋರ್ಡುಗಳು, ಒಳಗೆ ಇರುವೆ ಗೂಡು ಮಾಡಿದ ಇನ್ವರ್ಟರುಗಳು ಬರುತ್ತವೆ. ಕೆಲಸ ಇಷ್ಟವಾಗಿದೆ, ಆದರೆ ಅಂಗಡಿಯ ಸಂಬಳದಲ್ಲಿ ಮುಂದೆ ದಾರಿ ಕಾಣುತ್ತಿಲ್ಲ.

ಈ ವರ್ಷ ಅಗ್ನಿವೀರ್ ಟೆಕ್ನಿಕಲ್ ವಿಭಾಗದ ಆನ್‌ಲೈನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಓಟ ಮತ್ತು ವೈದ್ಯಕೀಯ ತಪಾಸಣೆಗಳನ್ನೂ ಮುಗಿಸಿದೆ. ಸೇನೆಯ ಉಪಕರಣಗಳನ್ನು ರಿಪೇರಿ ಮಾಡುವ ಇ.ಎಂ.ಇ. ದಳದ ಸಿಕಂದರಾಬಾದ್ ಕೇಂದ್ರಕ್ಕೆ ಹಾಜರಾಗುವಂತೆ ಸೂಚನೆ ಬಂದಿದೆ. ಅದೇ ಹೊತ್ತಿಗೆ ಕಾರವಾರದ ನೌಕಾ ಹಡಗು ರಿಪೇರಿ ಯಾರ್ಡಿನ ಅಪ್ರೆಂಟಿಸ್ ಪಟ್ಟಿಯಲ್ಲಿಯೂ ನನ್ನ ಹೆಸರು ಬಂದುಬಿಟ್ಟಿದೆ. ದಾಖಲೆ ತೋರಿಸಲು ಕಾರವಾರಕ್ಕೆ ಹೋದ ದಿನ ಕಡಲತೀರದ ಯುದ್ಧನೌಕೆ ಸಂಗ್ರಹಾಲಯದ ಬಳಿ, ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯ ಎದುರು ಒಂದು ತಾಸು ಕುಳಿತು ಯೋಚಿಸಿದರೂ ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ. ವಯಸ್ಸಿನ ಮಿತಿ ಸಮೀಪಿಸಿರುವುದರಿಂದ ಈ ಬಾರಿ ಸೇನೆಯನ್ನು ಬಿಟ್ಟರೆ ಮತ್ತೆ ಅವಕಾಶವಿಲ್ಲ.

ಮನೆಯಲ್ಲಿ ಒಂದು ಎಕರೆ ಅಡಿಕೆ ತೋಟವಿದೆ, ಹಿಂದಿನ ವರ್ಷ ಕೊಳೆ ಬಂದು ಅರ್ಧ ಫಸಲು ಉದುರಿಹೋಯಿತು. ಆಯಿಗೆ ನಾನು ದೂರ ಹೋಗುವುದೇ ಚಿಂತೆ. ಅಪ್ಪಯ್ಯ ಕೇಳುವುದು ಬೇರೆ: "ನಾಲ್ಕು ವರ್ಷ ಕಳೆದು ಬಂದು ಮತ್ತೆ ಅದೇ ಅಂಗಡಿಯ ಅದೇ ಸ್ಟೂಲಿನ ಮೇಲೆ ಕೂರುವುದಾದರೆ ಹೋಗುವುದಾದರೂ ಏತಕ್ಕೆ?" ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅಲ್ಲಿಯ ದಿನಚರಿ ಹೇಗಿರುತ್ತದೆ, ನಿಜವಾಗಿ ರಿಪೇರಿ ಕಲಿಯಲು ಸಿಗುತ್ತದೆಯೇ, ನಾಲ್ಕು ವರ್ಷದ ನಂತರ ಸೇನೆಯಲ್ಲಿ ಕಾಯಂ ಆಗುವ ಶೇಕಡಾ 25 ಮಂದಿಯಲ್ಲಿ ನಾನಿಲ್ಲದಿದ್ದರೆ ಕಲಿತದ್ದು ಹೊರಗೆ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೆಸುಗೆಕೋಲು, ಅಂಕೋಲಾ

ತಮ್ಮಾ, ನಾನು 1996ರಲ್ಲಿ ಅದೇ ಸಿಕಂದರಾಬಾದಿನಲ್ಲಿ ಭರ್ತಿಯಾಗಿ, ರೇಡಿಯೋ ಮೆಕ್ಯಾನಿಕ್ ಆಗಿ ಇಪ್ಪತ್ತನಾಲ್ಕು ವರ್ಷ ದುಡಿದು, ಹವಾಲ್ದಾರನಾಗಿ ಮನೆಗೆ ಬಂದವನು. ಪಿಂಚಣಿ ಇರುವವನು ಪಿಂಚಣಿ ಇಲ್ಲದ ನೌಕರಿಗೆ ಹೊರಟವನಿಗೆ ಧೈರ್ಯ ಹೇಳುವುದು ಬಹಳ ಸುಲಭ ಎಂಬ ಅರಿವನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀನು ಸೇರಲಿರುವ ದಳದ ವಿಷಯ. 1943ರ ಅಕ್ಟೋಬರ್ 15ರಂದು ಹುಟ್ಟಿದ ಈ ದಳ ಬಂದೂಕಿನಿಂದ ಹಿಡಿದು ಟ್ಯಾಂಕು, ಲಾರಿ, ರಡಾರ್, ರೇಡಿಯೋ, ರಾತ್ರಿ ನೋಡುವ ದುರ್ಬೀನಿನವರೆಗೆ ಸೇನೆಯ ಉಪಕರಣಗಳನ್ನು ಸುಸ್ಥಿತಿಯಲ್ಲಿ ಇಡುತ್ತದೆ. ನಾನು ಸೇರಿದಾಗ 'ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಇಂಜಿನಿಯರ್ಸ್' ಎಂಬ ಹೆಸರಿನ ಮೊದಲ ಪದ 'ಎಲೆಕ್ಟ್ರಿಕಲ್' ಎಂದಿತ್ತು; 2001ರ ಜನವರಿ 1ರಿಂದ ಅದು 'ಎಲೆಕ್ಟ್ರಾನಿಕ್ಸ್' ಆಯಿತು, ಇ.ಎಂ.ಇ. ಎಂಬ ಮೂರಕ್ಷರ ಮಾತ್ರ ಹಾಗೆಯೇ ಉಳಿಯಿತು. ಬೇರೆ ದಳಗಳ ಸಿಪಾಯಿಯನ್ನು ಇಲ್ಲಿ ಕ್ರಾಫ್ಟ್ಸ್‌ಮನ್ ಎನ್ನುತ್ತಾರೆ.

ದಿನಚರಿಯ ಬಗ್ಗೆ ನಿನಗೆ ಮೊದಲೇ ಗೊತ್ತಿರಬೇಕಾದ ಸಂಗತಿಯೆಂದರೆ, ಆರಂಭದ ಕೆಲವು ತಿಂಗಳು ನೀನು ಬೆಸುಗೆಕೋಲಿನ ಮುಖವನ್ನೇ ನೋಡುವುದಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಗಡ್ಡ ಬೋಳಿಸಿ, ಹಾಸಿಗೆ ಮಡಚಿ, ಸಾಲಿನಲ್ಲಿ ನಿಂತು ಹಾಜರಿ ಕೊಟ್ಟು (ಫಾಲ್‌ಇನ್) ಪಿ.ಟಿ.ಗೆ ಓಡಬೇಕು. ಲಂಗರಿನಲ್ಲಿ, ಅಂದರೆ ಸೇನೆಯ ಊಟದ ಮನೆಯಲ್ಲಿ, ತಿಂಡಿ ಮುಗಿಸಿದ ಮೇಲೆ ಕವಾಯತು, ಬಂದೂಕಿನ ಪಾಠ, ನಕ್ಷೆ ಓದುವುದು, ಸಂಜೆ ಆಟ, ರಾತ್ರಿ ರೋಲ್‌ಕಾಲ್ ಇರುತ್ತವೆ. ನಮ್ಮ ಕಡೆಯ ಹುಡುಗರು ಓಟದಲ್ಲಿ ಹಿಂದೆ ಬೀಳುವುದಕ್ಕಿಂತ ಹಿಂದಿಯಲ್ಲಿ ಹಿಂದೆ ಬೀಳುತ್ತಾರೆ. ಕವಾಯತು ಕಲಿಸುವ ಉಸ್ತಾದರು ಹೇಳಿದ್ದು ಅರ್ಥವಾಗದೆ ಎಡಕ್ಕೆ ತಿರುಗುವಲ್ಲಿ ಬಲಕ್ಕೆ ತಿರುಗಿ ನಾನು ಪಡೆದ ಶಿಕ್ಷೆಗಳ ಲೆಕ್ಕವಿಲ್ಲ. ಹೊರಡುವ ಮೊದಲಿನ ವಾರಗಳಲ್ಲಿ ದಿನಕ್ಕೆ ಒಂದು ತಾಸು ಹಿಂದಿ ಮಾತು ಕೇಳು, ಅದೇ ದೊಡ್ಡ ತಯಾರಿ.

ಆ ಹಂತ ಮುಗಿದ ಮೇಲೆ ವೃತ್ತಿ ತರಬೇತಿ ಆರಂಭವಾಗುತ್ತದೆ. ಐ.ಟಿ.ಐ. ಮಾಡಿದವನಿಗೆ ಓಮ್‌ನ ನಿಯಮ, ಡಯೋಡು, ಟ್ರಾನ್ಸಿಸ್ಟರುಗಳ ಪಾಠ ಮೊದಲು ಬೇಸರ ತರಿಸುತ್ತದೆ. ಬೇಸರಪಟ್ಟು ತರಗತಿಯಲ್ಲಿ ತೂಕಡಿಸಿದವರು ಮುಂದೆ ಸಿಗ್ನಲ್ ಜನರೇಟರ್ ಮತ್ತು ಆಸಿಲೋಸ್ಕೋಪಿನ ಪಾಠ ಬಂದಾಗ ಎಲ್ಲಿಯೂ ಇಲ್ಲದಂತಾಗುತ್ತಾರೆ. ಘಟಕಕ್ಕೆ ಹೋದ ಮೇಲೆ ಬೆಳಗಿನ ಪಿ.ಟಿ. ಮುಗಿಸಿ ವರ್ಕ್‌ಶಾಪಿಗೆ ಹೋಗುತ್ತೀಯೆ. ಪ್ರತಿ ಸೆಟ್ಟಿಗೂ ಒಂದು ಜಾಬ್ ಕಾರ್ಡ್ ಇರುತ್ತದೆ. ಬಂದಾಗ ಏನಿತ್ತು, ಏನು ಅಳೆದರು, ಏನು ಬದಲಿಸಿದರು, ಹೋಗುವಾಗ ಹೇಗಿತ್ತು ಎಂಬುದೆಲ್ಲ ಬರೆಯಲೇಬೇಕು. ನೀನು ಸರಿಮಾಡಿದ್ದನ್ನು ಇನ್ನೊಬ್ಬ ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದು ಹೊರಗೆ ಹೋಗುತ್ತದೆ. ಸಂಜೆ ಹತ್ಯಾರಗಳನ್ನು ಎಣಿಸಿ ಇಡಬೇಕು, ಒಂದು ಸಣ್ಣ ಸ್ಕ್ರೂಡ್ರೈವರ್ ಕಡಿಮೆಯಾದರೂ ಯಾರೂ ಹೊರಡುವಂತಿಲ್ಲ. ರಾತ್ರಿ ನಿನ್ನ ಪಾಳಿ ಬಂದರೆ ಬಂದೂಕು ಹಿಡಿದು ಪಹರೆ ನಿಲ್ಲಬೇಕು, ಮರುದಿನ ಕಣ್ಣುಜ್ಜಿಕೊಂಡು ಅದೇ ಬೆಂಚಿನ ಮುಂದೆ ಕೂರಬೇಕು.

ನಿಜವಾಗಿ ಕಲಿಯಲು ಸಿಗುತ್ತದೆಯೇ ಎಂದು ಕೇಳಿದೆಯಲ್ಲ, ಒಂದು ಪ್ರಸಂಗ ಹೇಳುತ್ತೇನೆ. ಒಂದು ಚಳಿಗಾಲ ಹಿಮ ಬೀಳುವ ಎತ್ತರದ ಜಾಗದಲ್ಲಿದ್ದೆವು. ಮುಂದಿನ ಠಾಣೆಯಿಂದ ಒಂದು ರೇಡಿಯೋ ಸೆಟ್ಟು ಬಂತು. ಅಲ್ಲಿಂದ ಬಂದ ದೂರು ಇಷ್ಟೇ: ಎದುರಿನವರ ಮಾತು ಕೇಳಿಸುತ್ತದೆ, ನಾವು ಹೇಳಿದ್ದು ಹೋಗುವುದಿಲ್ಲ. ನನಗೆ ಆಗಷ್ಟೇ ನಾಯಕ್ ದರ್ಜೆಗೆ ಬಡ್ತಿಯಾಗಿ ತೋಳಿಗೆ ಪಟ್ಟಿ ಬಂದಿತ್ತು, ಉತ್ಸಾಹ ಜಾಸ್ತಿ. ಬುಖಾರಿಯ, ಅಂದರೆ ಕೋಣೆ ಬೆಚ್ಚಗಿಡುವ ಒಲೆಯ, ಪಕ್ಕದ ಬೆಂಚಿನ ಮೇಲೆ ಸೆಟ್ಟನ್ನು ಬಿಚ್ಚಿ, ಪ್ರಸಾರದ ಭಾಗವನ್ನು ಹಂತಹಂತವಾಗಿ ಎರಡು ತಾಸು ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು, ಮಾತೂ ಹೋಗುತ್ತಿತ್ತು. 'ದೋಷ ಕಂಡುಬಂದಿಲ್ಲ' ಎಂದು ಕಾರ್ಡಿನಲ್ಲಿ ಬರೆಯಲು ಹೊರಟಾಗ ನಮ್ಮ ಸುಬೇದಾರ್ ಸಾಹೇಬರು ಬಂದು, ಏನೂ ಹೇಳದೆ ಸೆಟ್ಟನ್ನೂ ಬ್ಯಾಟರಿಯನ್ನೂ ಎತ್ತಿಕೊಂಡು ಹೊರಗೆ ಹೋಗಿ ಹಿಮದ ಮೇಲಿಟ್ಟರು. ಒಂದು ತಾಸಿನ ನಂತರ ನನ್ನನ್ನು ಕರೆದು, ಮಲ್ಟಿಮೀಟರನ್ನು ಬ್ಯಾಟರಿಗೆ ಹಚ್ಚಿಸಿ, ಮಾತಿನ ಗುಂಡಿ ಒತ್ತಲು ಹೇಳಿದರು. ಗುಂಡಿ ಒತ್ತಿದೊಡನೆ ವೋಲ್ಟೇಜು ಕುಸಿದುಬಿತ್ತು, ಬಿಟ್ಟೊಡನೆ ಮತ್ತೆ ಏರಿತು. ಚಳಿಯಲ್ಲಿ ಬ್ಯಾಟರಿಯ ಒಳಗಿನ ತಡೆ ಹೆಚ್ಚುತ್ತದೆ. ಕೇಳುವುದಕ್ಕೆ ಬೇಕಾಗುವ ಅಲ್ಪ ಕರೆಂಟನ್ನು ಅದು ಕೊಡುತ್ತದೆ, ಪ್ರಸಾರಕ್ಕೆ ಬೇಕಾಗುವ ಹಲವು ಪಟ್ಟು ಕರೆಂಟನ್ನು ಕೊಡಲಾರದು. ಹಳೆಯದಾದ ಆ ಬ್ಯಾಟರಿ ಬುಖಾರಿಯ ಬಿಸಿಗೆ ಒಳ್ಳೆಯದಾಗಿ ಕಂಡಿತ್ತು. ಸಾಹೇಬರು ಅಂದದ್ದು ಒಂದೇ ಮಾತು, "ನಿನಗೆ ಬೆಚ್ಚಗಿರುವ ಜಾಗದಲ್ಲಿ ಪರೀಕ್ಷೆ ಮಾಡಿದೆ, ಅದು ಕೆಡುವ ಜಾಗದಲ್ಲಿ ಮಾಡಲಿಲ್ಲ."

ನಿನ್ನ ಅಂಗಡಿಗೆ ಬರುವ ಇನ್ವರ್ಟರ್ ಬ್ಯಾಟರಿಯನ್ನೇ ನೋಡು. ಲೋಡ್ ಇಲ್ಲದೆ ಅಳೆದರೆ ಹನ್ನೆರಡೂವರೆ ವೋಲ್ಟ್ ತೋರಿಸಿ, ಒಂದು ಫ್ಯಾನ್ ಹಚ್ಚಿದೊಡನೆ ಹತ್ತಕ್ಕಿಳಿಯುವ ಬ್ಯಾಟರಿ ದಿನಕ್ಕೊಂದಾದರೂ ಬರುತ್ತಿರಬೇಕು. ಎರಡೂ ಒಂದೇ ದೋಷ. ಹೀಗೆ ಹುಡುಕುವ ಕ್ರಮ, ಹುಡುಕಿದ್ದನ್ನು ಬರೆದಿಡುವ ಅಭ್ಯಾಸ, ಇವೆರಡೂ ನಿನ್ನ ಕೈಗೆ ಹತ್ತಿದರೆ ಅಪ್ಪಯ್ಯನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತೆಂದು ತಿಳಿ. ಉಳಿದರ್ಧ ಸರ್ಕಾರದ ನಿಯಮಗಳಲ್ಲಿದೆ, ಅದನ್ನು ನನಗಿಂತ ಬಲ್ಲವರು ಹೇಳಲಿ.

ಉತ್ತರ: ಕಾಳಿತೀರ, ಕಾರವಾರ

ಹವಾಲ್ದಾರ್ ಸಾಹೇಬರ ಅನುಭವಕ್ಕೆ ಗೌರವ ಕೊಟ್ಟೇ ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ನಾನು ಸೈನ್ಯದಲ್ಲಿದ್ದವನಲ್ಲ. ಆಸ್ಪತ್ರೆಗಳ ಮತ್ತು ಕಾರ್ಖಾನೆಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ನೋಡಿಕೊಳ್ಳುವ ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ, ತಂತ್ರಜ್ಞರ ಸಂದರ್ಶನಕ್ಕೆ ಕೂರುವವರಲ್ಲಿ ನಾನೂ ಒಬ್ಬ.

ಮೊದಲು ಹಣದ ಲೆಕ್ಕ. ಅಗ್ನಿಪಥ್ ಯೋಜನೆಯನ್ನು 2022ರ ಜೂನ್ 14ರಂದು ಪ್ರಕಟಿಸಿದಾಗ ತಿಳಿಸಿದಂತೆ ಮೊದಲ ವರ್ಷ ತಿಂಗಳಿಗೆ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಶೇಕಡಾ 30 ಭಾಗ ನಿಧಿಗೆ ಹೋಗುವುದರಿಂದ ಮೊದಲ ವರ್ಷ ಕೈಗೆ ಬರುವುದು 21,000, ಕೊನೆಯ ವರ್ಷ 28,000. ನಾಲ್ಕು ವರ್ಷದಲ್ಲಿ ನಿಮ್ಮ ಪಾಲು 5 ಲಕ್ಷ 2 ಸಾವಿರ ಆಗುತ್ತದೆ, ಸರ್ಕಾರವೂ ಅಷ್ಟನ್ನೇ ಹಾಕುತ್ತದೆ, ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಆದಾಯ ತೆರಿಗೆಯಿಲ್ಲದೆ ಬಿಡುಗಡೆಯ ಹೊತ್ತಿಗೆ ಸಿಗುತ್ತದೆ. ಊಟ, ವಸತಿ, ಬಟ್ಟೆ ಅವರದೇ. ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ಮಾಜಿ ಸೈನಿಕರಿಗೆ ಕೇಂದ್ರದ 'ಸಿ' ದರ್ಜೆಯ ಹುದ್ದೆಗಳಲ್ಲಿ ಶೇಕಡಾ 10ರ ಮೀಸಲಾತಿ ಇದೆಯೆಂದು ಊರಿನ ಯಾರೋ ಹಿರಿಯರು ಹೇಳಿದ್ದನ್ನು ನಂಬಿ ಲೆಕ್ಕ ಹಾಕಬೇಡಿ, ಅದು ಹವಾಲ್ದಾರ್ ಸಾಹೇಬರಂಥವರಿಗೆ. ಅಗ್ನಿವೀರರಿಗಾಗಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಶೇಕಡಾ 10ರ ಮೀಸಲಾತಿಯನ್ನು 2022ರಲ್ಲೇ ಬೇರೆಯಾಗಿ ಘೋಷಿಸಲಾಗಿದೆ. ಆದರೆ ಅದು ಸಮವಸ್ತ್ರದ ಕೆಲಸ, ನಿಮ್ಮ ಬೆಂಚಿನ ಕೆಲಸವಲ್ಲ. ಮಧ್ಯದಲ್ಲಿ ಮನಸ್ಸು ಬದಲಾದರೆ ಬಿಟ್ಟುಬರುವಂತಿಲ್ಲ. ವಿಶೇಷ ಸಂದರ್ಭಗಳನ್ನು ಬಿಟ್ಟರೆ ನಾಲ್ಕು ವರ್ಷ ಪೂರ್ಣ ಮಾಡಲೇಬೇಕು.

ಅಪ್ರೆಂಟಿಸ್ ತರಬೇತಿಯ ಬಲ ಬೇರೆ. ಮನೆಗೆ ಹತ್ತಿರ, ಕೊನೆಯಲ್ಲಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಸಿಗುತ್ತದೆ, ಅದನ್ನು ದೇಶದ ಯಾವ ಕಾರ್ಖಾನೆಯವನೂ ಓದಿ ಅರ್ಥಮಾಡಿಕೊಳ್ಳಬಲ್ಲ. ಕಡಲ ಉಪ್ಪುಗಾಳಿಯಲ್ಲಿ ಎಲೆಕ್ಟ್ರಾನಿಕ್ಸ್ ಹೇಗೆ ಕೊಳೆಯುತ್ತದೆ ಎಂಬುದನ್ನು ಹಡಗಿನ ರಿಪೇರಿಗಿಂತ ಚೆನ್ನಾಗಿ ಕಲಿಸುವ ಜಾಗವಿಲ್ಲ. ಅಲ್ಲಿಯೂ ನೌಕರಿಯ ಭರವಸೆಯಿಲ್ಲ, ತರಬೇತಿ ಮುಗಿದ ದಿನ ಧನ್ಯವಾದ ಹೇಳಿ ಕಳಿಸುತ್ತಾರೆ. ಮುಂದೆ ಕೈಗಾ ಅಣುವಿದ್ಯುತ್ ಕೇಂದ್ರವಿರಲಿ, ಬೆಂಗಳೂರಿನ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) ಇರಲಿ, ಲಿಖಿತ ಪರೀಕ್ಷೆ ದಾಟದೆ ಒಳಗೆ ಬಿಡುವುದಿಲ್ಲ.

ಸಂದರ್ಶನದ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸೇನೆಯಿಂದ ಬಂದ ಒಬ್ಬ ತಂತ್ರಜ್ಞರು ನಮ್ಮೆದುರು ಕುಳಿತಿದ್ದರು. ಏನು ಕೆಲಸ ಮಾಡಿದ್ದೀರಿ ಎಂದು ಕೇಳಿದರೆ, "ಎಲ್ಲ ಮಾಡುತ್ತಿದ್ದೆ ಸರ್" ಎಂದರು. ಯಾವ ಉಪಕರಣ ಎಂದರೆ ಹೇಳುವಂತಿಲ್ಲ ಎಂದರು, ಅದು ಸರಿಯೇ. ನಾವೂ ಸುಮ್ಮನಾದೆವು, ಅವರೂ ಸುಮ್ಮನಾದರು. ಕೊನೆಗೆ ನನ್ನ ಸಹೋದ್ಯೋಗಿಯೊಬ್ಬರು ಕೆಟ್ಟುಹೋದ ಒಂದು ಪವರ್ ಸಪ್ಲೈಯನ್ನು ಅವರ ಮುಂದಿಟ್ಟು ಮೀಟರ್ ಕೊಟ್ಟರು. ಹದಿನೈದು ನಿಮಿಷದಲ್ಲಿ ಉಬ್ಬದೆಯೂ ಸತ್ತಿದ್ದ ಒಂದು ಕೆಪಾಸಿಟರನ್ನು ತೋರಿಸಿ, ಅಳತೆಗಳನ್ನೆಲ್ಲ ಒಂದು ಕಾಗದದ ಮೇಲೆ ಸಾಲಾಗಿ ಬರೆದು ನಮ್ಮ ಕೈಗಿತ್ತರು. ಕೆಲಸ ಅವರಿಗೇ ಸಿಕ್ಕಿತು. ಎಲ್ಲ ಸಂದರ್ಶನದಲ್ಲಿಯೂ ಯಾರೋ ಪವರ್ ಸಪ್ಲೈ ತಂದಿಡುವುದಿಲ್ಲ. ಆದುದರಿಂದ ಉಪಕರಣದ ಹೆಸರು, ಘಟಕ, ಜಾಗ ಯಾವುದನ್ನೂ ಹೇಳದೆ, ಯಾವ ಬಗೆಯ ಸರ್ಕ್ಯೂಟು, ಯಾವ ಅಳತೆಯ ಸಾಧನ, ಎಷ್ಟು ಸೂಕ್ಷ್ಮ ಬೆಸುಗೆ ಎಂಬುದನ್ನು ಹೇಳುವ ಭಾಷೆಯನ್ನು ಸೇವೆಯಲ್ಲಿದ್ದಾಗಲೇ ಕಲಿತುಕೊಳ್ಳಿ. ಜೊತೆಗೆ ಅಗ್ನಿವೀರರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪದವಿಯೊಂದು ಇದೆ. ಸೇವೆಯ ತರಬೇತಿಯನ್ನೇ ಅರ್ಧದಷ್ಟು ಕ್ರೆಡಿಟ್ ಎಂದು ಅಲ್ಲಿ ಪರಿಗಣಿಸುತ್ತಾರೆ. ಹತ್ತನೇ ತರಗತಿಯ ಮೇಲೆ ಹೋಗುವವರು ಹನ್ನೆರಡನೆಯದನ್ನು ಮುಕ್ತ ಶಾಲೆಯ ಮೂಲಕ ಮುಗಿಸಿಕೊಳ್ಳಬಹುದು.

ನನ್ನನ್ನು ಕೇಳಿದರೆ, ಓದುವ ಛಲವಿದ್ದರೆ ಸೇನೆಗೆ ಹೋಗಿ. ಸಂಜೆ ಪುಸ್ತಕ ಹಿಡಿಯುವುದು ಆಗದ ಮಾತು ಎಂದು ಈಗಲೇ ಗೊತ್ತಿದ್ದರೆ ಕಾರವಾರದಲ್ಲೇ ಇರಿ.

ಉತ್ತರ: ಎರಡನೇ ವರ್ಷ, ಹೊನ್ನಾವರ

ನಾನು ಈಗ ಇದೇ ಕೆಲಸದಲ್ಲಿದ್ದು ರಜೆಯಲ್ಲಿ ಮನೆಗೆ ಬಂದಿದ್ದೇನೆ. ಎಲ್ಲಿ ಎಂಬುದನ್ನು ಹೇಳುವುದಿಲ್ಲ, ನೀವೂ ಮುಂದೆ ಹೇಳಬೇಡಿ.

ಹವಾಲ್ದಾರ್ ಸಾಹೇಬರು ಬರೆದದ್ದನ್ನು ಓದಿ ಸಂತೋಷವಾಯಿತು, ಆದರೆ ಅವರ ಕಾಲದ ಹಾಗೆ ಬೆಸುಗೆಕೋಲು ಹಿಡಿದು ಒಂದೊಂದೇ ಬಿಡಿಭಾಗ ಹುಡುಕುವ ಕೆಲಸ ಕೆಳಗಿನ ವರ್ಕ್‌ಶಾಪುಗಳಲ್ಲಿ ಕಡಿಮೆಯಾಗಿದೆ. ಉಪಕರಣವೇ ತನ್ನನ್ನು ತಾನು ಪರೀಕ್ಷಿಸಿಕೊಂಡು ಒಳಗಿನ ಯಾವ ಕಾರ್ಡ್ (ಸರ್ಕ್ಯೂಟ್ ಬೋರ್ಡ್) ಕೆಟ್ಟಿದೆಯೆಂದು ತೋರಿಸುತ್ತದೆ, ನಾವು ಆ ಕಾರ್ಡನ್ನು ತೆಗೆದು ಬೇರೆಯದನ್ನು ಹಾಕುತ್ತೇವೆ. ಕೆಟ್ಟ ಕಾರ್ಡ್ ಮೇಲಿನ ಹಂತಕ್ಕೆ ಹೋಗುತ್ತದೆ. ಮೊದಲ ಆರು ತಿಂಗಳು ನನಗೆ ಬಹಳ ನಿರಾಸೆಯಾಗಿತ್ತು, ಊರಿನ ಮೊಬೈಲ್ ಅಂಗಡಿಯ ಹುಡುಗ ನನಗಿಂತ ಹೆಚ್ಚು ಬೆಸುಗೆ ಮಾಡುತ್ತಾನಲ್ಲ ಅನ್ನಿಸಿತ್ತು. ಇದನ್ನು ತಿಳಿದುಕೊಂಡು ಹೊರಡಿ ಎಂದಷ್ಟೇ ಹೇಳುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಒಯ್ಯುವುದಾದರೆ ಎರಡು ಒಯ್ಯಿರಿ, ಮೊದಲ ವಾರದಲ್ಲೇ ಬೇರೆ ರಾಜ್ಯದ ಗೆಳೆಯರು ಒಂದನ್ನು ಖಾಲಿ ಮಾಡುತ್ತಾರೆ.

ಉತ್ತರ: ಬೆಸುಗೆಕೋಲು, ಅಂಕೋಲಾ

ಹೊನ್ನಾವರದ ತಮ್ಮ ಹೇಳಿದ್ದು ನಿಜ, ನಾನು ಅದನ್ನು ಬಿಟ್ಟದ್ದು ತಪ್ಪಾಯಿತು. ಸೇನೆಯ ರಿಪೇರಿ ಹಂತಗಳಲ್ಲಿ ಹಂಚಿಹೋಗಿದೆ. ಮುಂದಿನ ಸಾಲಿನಲ್ಲಿ ಬೇಗ ಸರಿಯಾಗಬೇಕು, ಆದ್ದರಿಂದ ಬದಲಿಸುವುದೇ ಹೆಚ್ಚು. ಬಿಚ್ಚಿ ಬಿಡಿಭಾಗದ ಮಟ್ಟಕ್ಕೆ ಇಳಿಯುವ ಕೆಲಸ ಹಿಂದಿನ ದೊಡ್ಡ ವರ್ಕ್‌ಶಾಪುಗಳಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ 515, ಆಗ್ರಾದಲ್ಲಿ 509, ಮೀರತ್‌ನಲ್ಲಿ 510 ಎಂಬ ಸಂಖ್ಯೆಯ ಬೇಸ್ ವರ್ಕ್‌ಶಾಪುಗಳಿವೆ. ಎಲ್ಲಿಗೆ ಹೋಗಬೇಕೆಂಬುದು ನಿನ್ನ ಕೈಯಲ್ಲಿಲ್ಲ.

ಆದರೆ ಯಂತ್ರ ತೋರಿಸಿದ ಕಾರ್ಡನ್ನೇ ನಂಬಿ ಬದಲಿಸುವವನಿಗೂ, ನಂಬುವ ಮೊದಲು ಆ ಕಾರ್ಡಿಗೆ ವಿದ್ಯುತ್ತು ಸರಿಯಾಗಿ ಬರುತ್ತಿದೆಯೇ, ಕನೆಕ್ಟರಿನ ಒಂದು ಪಿನ್ನು ಬಾಗಿದೆಯೇ ಎಂದು ನೋಡುವವನಿಗೂ ಬಹಳ ಅಂತರವಿದೆ. ಧೂಳಿನ ಒಂದು ಜಾಗದಲ್ಲಿ ಒಂದೇ ಸೆಟ್ಟಿಗೆ ಮೂರು ಕಾರ್ಡ್ ಬದಲಿಸಿದ್ದನ್ನು ಕಂಡಿದ್ದೇನೆ. ನಾಲ್ಕನೆಯದನ್ನು ಬೇಡುವ ಮೊದಲು ಒಬ್ಬ ಹುಡುಗ ಭೂತಗನ್ನಡಿ ಹಿಡಿದು ನೋಡಿ, ಸಾಕೆಟ್ಟಿನೊಳಗೆ ಕಪ್ಪಾಗಿದ್ದ ಒಂದು ಪಿನ್ನನ್ನು ಕಂಡುಹಿಡಿದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಒರೆಸಿದ. ಸೆಟ್ಟು ಎದ್ದಿತು. ಮೊದಲಿನ ಮೂರು ಕಾರ್ಡುಗಳೂ ಚೆನ್ನಾಗಿದ್ದವು. ಶಿರಸಿಯ ಮಳೆಗಾಲದಲ್ಲಿ ಹಸಿರುಗಟ್ಟಿದ ಕಾಲುಗಳನ್ನು ಕಂಡ ನಿನಗೆ ಆ ಪಿನ್ನು ಬೇರೆಯವರಿಗಿಂತ ಬೇಗ ಕಾಣುತ್ತದೆ.

ಇನ್ನೊಂದು ಮಾತು. ನೀನು ಪ್ರತಿಮೆಯ ಎದುರು ಕುಳಿತೆನೆಂದು ಬರೆದೆ. ಚೆಂಡಿಯಾದ ರಾಣೆಯವರಿಗೆ ಪರಮವೀರ ಚಕ್ರ ಬಂದದ್ದು 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನೂ ಅಡ್ಡ ಕಡಿದು ಹಾಕಿದ್ದ ಮರಗಳನ್ನೂ ತೆರವು ಮಾಡಿ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟದ್ದಕ್ಕೆ. ಅವರು ನಮ್ಮ ದಳದವರಲ್ಲ, ಇಂಜಿನಿಯರ್ ದಳದ ಬಾಂಬೆ ಸ್ಯಾಪರ್ಸ್‌ನವರು. ಕೈಕೆಲಸ ಬಲ್ಲ ಸಿಪಾಯಿಗೆ ಸೈನ್ಯದಲ್ಲಿ ಎಂಥ ಜಾಗವಿದೆ ಎಂಬುದಕ್ಕೆ ನಮ್ಮ ಜಿಲ್ಲೆಯವರು ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಉತ್ತರ: ಉಪ್ಪಿನಗದ್ದೆ, ಕುಮಟಾ

ತಮ್ಮಾ, ನಾನು ತಾಂತ್ರಿಕ ವಿಷಯ ಬಲ್ಲವಳಲ್ಲ. ನನ್ನ ಸ್ವಂತ ತಮ್ಮ ಸೇನೆಗೆ ಹೋಗಿ ಮೂರು ವರ್ಷವಾಯಿತು. ಮನೆಯ ಕಡೆಯ ಮಾತುಗಳನ್ನು ಯಾರೂ ಬರೆಯದ್ದರಿಂದ ಬರೆಯುತ್ತಿದ್ದೇನೆ.

ವರ್ಷಕ್ಕೆ 30 ದಿನ ರಜೆ ಎಂದು ನಿಯಮ ಹೇಳುತ್ತದೆ, ಆ ಮೂವತ್ತು ದಿನ ಯಾವಾಗ ಎಂಬುದನ್ನು ಘಟಕ ಹೇಳುತ್ತದೆ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಬರುತ್ತೇನೆ, ಮಾರಿಕಾಂಬಾ ಜಾತ್ರೆಗೆ ಬರುತ್ತೇನೆ ಎಂದು ಆಯಿಗೆ ಮಾತು ಕೊಡಬೇಡ. ನಮ್ಮ ಮನೆಯಲ್ಲಿ ಮೊದಲ ವರ್ಷ ಹಾಗೆ ಮಾತು ಕೊಟ್ಟು, ಬರಲಾಗದೆ, ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತರಬೇತಿಯ ಆರಂಭದಲ್ಲಿ ಫೋನು ಕೈಯಲ್ಲಿರುವುದಿಲ್ಲ. ಭಾನುವಾರ ಒಮ್ಮೆ ಕರೆ ಬಂದರೆ ಅದೇ ದೊಡ್ಡದು ಎಂದು ಮೊದಲೇ ಹೇಳಿಟ್ಟರೆ ಮನೆಯವರು ಗಾಬರಿಯಾಗುವುದಿಲ್ಲ. ನಾಲ್ಕು ವರ್ಷ ಮುಗಿಯುವವರೆಗೆ ಮದುವೆಯಾಗುವಂತಿಲ್ಲ ಎಂಬ ಷರತ್ತನ್ನೂ ಅಪ್ಪಯ್ಯನಿಗೆ ತಿಳಿಸು, ನಮ್ಮ ಕಡೆ ಜಾತಕ ತೆಗೆಯುವವರಿಗೆ ತಡೆಯಿಲ್ಲ.

ಫೋಟೋದ ವಿಷಯ ಬಹಳ ಮುಖ್ಯ. 2020ರ ಜುಲೈನಲ್ಲಿ ಸೇನೆಯು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತನ್ನವರ ಫೋನಿನಿಂದ ತೆಗೆಸಿತ್ತು. ಹುಡುಗರು ಎಚ್ಚರದಿಂದಿದ್ದರೂ ಮನೆಯವರು ಅಭಿಮಾನದಿಂದ ಸಮವಸ್ತ್ರದ ಚಿತ್ರವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಮ್ಮ ಚಿಕ್ಕಪ್ಪ ಹಾಕಿದ್ದ ಚಿತ್ರದ ಹಿಂಭಾಗದಲ್ಲಿ ಒಂದು ಫಲಕ ಕಾಣುತ್ತಿತ್ತು, ಅದನ್ನು ಅಳಿಸುವಂತೆ ತಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತುಬಿಟ್ಟ. ಹೊರಡುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಇದನ್ನು ಹೇಳಿ ಹೋಗು.

ತೋಟದ ವಿಷಯ. ಮಳೆಗಾಲದಲ್ಲಿ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು, ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಮುಂಗಡ ಕೊಡಲಿಕ್ಕಾದರೂ ಪ್ರತಿ ತಿಂಗಳು ಒಂದಿಷ್ಟು ಕಳಿಸುವೆನೆಂದು ಗೊತ್ತುಮಾಡು. ನಮ್ಮ ತಮ್ಮ ಮೊದಲ ವರ್ಷ ಬಂದ ಸಂಬಳದಲ್ಲಿ ದುಬಾರಿ ಫೋನು ಕೊಂಡ. ಅದು ಒಂದೇ ಮಳೆಗಾಲದಲ್ಲಿ ನೀರಿಗೆ ಬಿದ್ದು ಹಾಳಾಯಿತು.

ಪ್ರತಿಕ್ರಿಯೆ: ಮಲೆನಾಡ ಮಾಣಿ, ಶಿರಸಿ ತಾಲೂಕು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟದ ನಂತರ ಎಲ್ಲ ಉತ್ತರಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಹಿಮದ ಮೇಲಿಟ್ಟ ಬ್ಯಾಟರಿಯ ಪ್ರಸಂಗವನ್ನು ಎರಡು ಸಲ ಓದಿಸಿದರು. 11.71 ಲಕ್ಷದ ಲೆಕ್ಕವನ್ನು ತಾವೇ ಕಾಗದದ ಮೇಲೆ ಕೂಡಿಸಿ ನೋಡಿದರು. ಕೊನೆಗೆ ಕಾರವಾರದ ಅಣ್ಣ ಹೇಳಿದ ಓದುವ ಛಲದ ಮಾತಿಗೆ ಬಂದು, "ಸಂಜೆ ಅಂಗಡಿಯಿಂದ ಬಂದ ಮೇಲೆ ನೀನು ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ" ಎಂದರು. ನಿಜವೇ. ಮುಕ್ತ ಶಾಲೆಯ ಹನ್ನೆರಡನೇ ತರಗತಿಯ ಗಣಿತದ ಪುಸ್ತಕವನ್ನು ಇವತ್ತು ತಂದಿದ್ದೇನೆ, ಹೊರಡುವ ದಿನದವರೆಗೆ ದಿನಕ್ಕೆ ಎರಡು ತಾಸು ಕುಳಿತು ನೋಡುತ್ತೇನೆ. ಅದು ಸಾಧ್ಯವಾದರೆ ಸಿಕಂದರಾಬಾದ್ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಆಯಿ ಇನ್ನೂ ಏನೂ ಹೇಳಿಲ್ಲ, ಆದರೆ ಉಪ್ಪಿನಕಾಯಿಯ ಭರಣಿ ಕೆಳಗಿಳಿದಿದೆ.

ಹವಾಲ್ದಾರ್ ಸಾಹೇಬರಲ್ಲಿ ಒಂದು ಪ್ರಶ್ನೆ: ಮೂಲ ದಾಖಲೆಗಳನ್ನು ಜೋಡಿಸಿಕೊಳ್ಳುವಾಗ ವಿಶೇಷವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಬೆಸುಗೆಕೋಲು, ಅಂಕೋಲಾ

ಹೆಸರು, ತಮ್ಮಾ, ಹೆಸರು. ನಮ್ಮ ಕಡೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದಕ್ಷರದ ಇನಿಷಿಯಲ್ ಆಗಿರುತ್ತದೆ, ಆಧಾರಿನಲ್ಲಿ ಪೂರ್ತಿ ಇರುತ್ತದೆ, ಐ.ಟಿ.ಐ. ಪ್ರಮಾಣಪತ್ರದಲ್ಲಿ ಮನೆತನದ ಹೆಸರು ಮುಂದೆ ಬಂದಿರುತ್ತದೆ, ಬ್ಯಾಂಕಿನಲ್ಲಿ ನಾಲ್ಕನೆಯ ಬಗೆ. ಉತ್ತರ ಭಾರತದ ಗುಮಾಸ್ತನಿಗೆ ಈ ನಾಲ್ವರೂ ಬೇರೆ ಬೇರೆ ಮನುಷ್ಯರು. ನನ್ನ ಕಾಗದಗಳಲ್ಲಿ ತಂದೆಯ ಹೆಸರಿಗೆ ಒಂದು ಹೆಚ್ಚಿನ 'ಎ' ಅಕ್ಷರ ಸೇರಿಕೊಂಡದ್ದನ್ನು ತಿದ್ದಿಸಲು ನಿವೃತ್ತಿಯ ವರ್ಷ ಏಳು ತಿಂಗಳು ಓಡಾಡಿದ್ದೇನೆ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಹರವಿ, ಒಂದೊಂದೇ ಅಕ್ಷರ ಹೋಲಿಸಿ ನೋಡು. ವ್ಯತ್ಯಾಸ ಕಂಡರೆ ತಿದ್ದಿಸಬಹುದಾದದ್ದನ್ನು ಹೊರಡುವ ಮೊದಲೇ ತಿದ್ದಿಸಿ, ಆಗದ್ದಕ್ಕೆ ಅಫಿಡವಿಟ್ ಮಾಡಿಸಿಕೊಂಡು, ಎರಡು ಪ್ರತಿ ಆಯಿಯ ಪೆಟ್ಟಿಗೆಯಲ್ಲಿಟ್ಟು ಹೋಗು.

ಪ್ರತಿಕ್ರಿಯೆ: ಮಲೆನಾಡ ಮಾಣಿ, ಶಿರಸಿ ತಾಲೂಕು

ಈಗಷ್ಟೇ ಹರವಿ ನೋಡಿದೆ. ಆಧಾರ್ ಮತ್ತು ಅಂಕಪಟ್ಟಿ ಸರಿಯಿವೆ, ಐ.ಟಿ.ಐ. ಪ್ರಮಾಣಪತ್ರದಲ್ಲಿ ಅಪ್ಪಯ್ಯನ ಹೆಸರಿನ ಒಂದು 'ಎಚ್' ಅಕ್ಷರ ಇಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅಲ್ಲಿಗೇ ಹೋಗುತ್ತೇನೆ.